ಹೊಳಿ ಪದದ ಮೊದಲರ್ಧ

ನನಗೊಂದು ಕೆಟ್ಟ ಚಾಳಿಯಿದೆ. ಎದುರಿಗಿದ್ದವರು ಮಾತು ಮುಗಿಸುವ ಹೊತ್ತಿಗೆ ಅವರ ಕೊನೆಯ ಒಂದೆರಡು ಮಾತುಗಳನ್ನು ಅವರ ಜೊತೆ ನಾನೂ ಅಂದುಬಿಡುತ್ತೇನೆ. ಹೆಂಡತಿ ಹಿತ್ತಲಿಗೆ ಹೋಗುತ್ತ "ಒಲಿ ಮ್ಯಾಲ ಹಾಲ ಐತಿ, ನೋಡ್ಕೋರಿ" ಎನ್ನುತ್ತಾಳೆ. ನಾನು ಕುರ್ಚಿಯಿಂದ ಏಳದೆ "ನೋಡ್ಕೋರಿ" ಎನ್ನುತ್ತೇನೆ. ಹಾಲು ಉಕ್ಕಿ ಒಲೆ ಆರಿರುತ್ತದೆ. "ನಾ ಹೇಳಿದ್ದನ್ನ ತಿರುಗಿ ನನಗ ಹೇಳಾಕ ನೀವ್ಯಾಕ ಬೇಕರಿ?" ಎಂದು ಅವಳು ಕೇಳಿದರೆ ಅದಕ್ಕೂ ನನ್ನ ಬಾಯಿಂದ "ಯಾಕ ಬೇಕರಿ" ಎಂದೇ ಬರುತ್ತದೆ. ಚಿಕ್ಕೋಡಿಯ ಬ್ಯಾಂಕಿನಲ್ಲಿ ಕೌಂಟರಿನ ಹುಡುಗಿ "ಸಹಿ ಕೂಡವಲ್ದರಿ ಅಜ್ಜಾರ" ಎಂದಳು, ನಾನು ಅವಳಿಗೆ "ಅಜ್ಜಾರ" ಎಂದೆ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಆ ಹುಡುಗಿ ಮಾತ್ರ ನಗಲಿಲ್ಲ, ನನ್ನ ಚೆಕ್ಕನ್ನು ವಾಪಸು ತಳ್ಳಿದಳು.

ಇದು ಕಿವಿಯ ದೋಷವಲ್ಲ, ವಯಸ್ಸಿನದ್ದೂ ಅಲ್ಲ. ಭಜನಾ ಮೇಳದ ಹಿಮ್ಮೇಳದಲ್ಲಿ ಜೀವ ಸವೆಸಿದವರಿಗೆಲ್ಲ ಅಂಟುವ ಚಾಳಿ. ಮುಮ್ಮೇಳದವನು ಒಬ್ಬನೇ, ಅವನು ಸಾಲು ಹೇಳುತ್ತಾನೆ. ಹಿಂದೆ ಕೂತ ನಾವೆಲ್ಲ ಅದರ ಬಾಲ ಹಿಡಿದು ಎತ್ತಬೇಕು. ಅವನ ಸಾಲು ಮುಗಿಯುವ ಮೊದಲೇ ನಮ್ಮ ಬಾಯಿ ತೆರೆದಿರಬೇಕು. ನಡುವೆ ಕೂದಲೆಳೆಯಷ್ಟು ಸಂದು ಬಿದ್ದರೂ ಅದು ಮೇಳಕ್ಕೆ ಅವಮಾನ.

ನಾನು ಮೇಳ ಸೇರಿದ್ದು ನನ್ನ ಕಂಠ ನೋಡಿ ಯಾರೋ ಕರೆದದ್ದರಿಂದ ಎಂದು ನೀವು ತಿಳಿದರೆ ನನಗೆ ಸಂತೋಷವೇ, ಆದರೆ ಹಾಗಾಗಲಿಲ್ಲ. ನಾನು ಬಸ್ಸಿನ ಕಂಡಕ್ಟರ್ ಆಗಿದ್ದೆ. "ಕಾಗವಾಡ, ಮಂಗಸೂಳಿ, ಅನಂತಪುರ, ಅಥಣಿ" ಎಂದು ಕೂಗಿದರೆ ಸ್ಟ್ಯಾಂಡಿನ ಆಚೆ ಮಗ್ಗುಲಿಗೆ ಚಹಾ ಕುಡಿಯುತ್ತಿದ್ದವರು ಬಶಿ ಬಿಟ್ಟು ಓಡಿ ಬರುತ್ತಿದ್ದರು. ನನ್ನ ದನಿಯ ಗಾತ್ರದ ಮೇಲೆ ಊರಿಗೆ ಭರವಸೆ ಇತ್ತು, ರಾಗದ ಮೇಲೆ ಇರಲಿಲ್ಲ. ಮೇಳದ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತಿದ್ದ ಪಾರೀಸ ಕಾಕಾ ಮೊದಲ ದಿನವೇ ಅದನ್ನು ಸ್ಪಷ್ಟ ಮಾಡಿದ್ದರು. "ನೀ ಹಿಂದ ಕುಂದ್ರು. ಎಲ್ಲಾರೂ ಎತ್ತಿದ ಮ್ಯಾಲ ಎತ್ತು. ಎಲ್ಲಾರೂ ಬಿಡೂ ಮೊದಲ ಬಿಡು." ಪಾರೀಸ ಕಾಕಾ ಜೈನರು. ದ್ರಾಕ್ಷಿ ತೋಟದ ಯಜಮಾನರಾದರೂ ಮಿರಜಿನಿಂದ ತಂದ ಆ ಪೇಟಿಯನ್ನು ಆಳುಮಕ್ಕಳ ಕೈಗೆ ಕೊಡದೆ ತಾವೇ ಹೊತ್ತು ತರುತ್ತಿದ್ದರು. ಒಮ್ಮೆ ಮಂಗಸೂಳಿಯ ಮಲ್ಲಯ್ಯನ ಗುಡಿಯಲ್ಲಿ ಹಾಡುವಾಗ ಭಕ್ತರು ತೂರಿದ ಭಂಡಾರ ಪೇಟಿಯೊಳಗೆ ಹೊಕ್ಕು ಬಿಟ್ಟಿತು. ಅಲ್ಲಿಂದ ಮುಂದೆ ಎಷ್ಟೋ ದಿನ ಗಾಳಿ ಹಾಕಿದಾಗಲೆಲ್ಲ ಸಂದಿಯಿಂದ ಅರಿಸಿನದ ಪುಡಿ ಹಾರಿ ಕಾಕಾನ ಬಿಳಿ ಅಂಗಿಯ ಮೇಲೆ ಕೂರುತ್ತಿತ್ತು, ಅವರು ಅದನ್ನು ಝಾಡಿಸುತ್ತಲೇ ನುಡಿಸುತ್ತಿದ್ದರು.

ಮುಮ್ಮೇಳ ಸಾತಪ್ಪಣ್ಣನದು. ನನಗಿಂತ ಸ್ವಲ್ಪ ದೊಡ್ಡವನು, ಹೊಳೆಯ ದಂಡೆಗೆ ಕಬ್ಬಿನ ಹೊಲವಿದ್ದವನು. ಹರೆಯದಲ್ಲಿ ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ದುಡಿದಿದ್ದ. ಆ ದುಡಿಮೆ ಬಿಟ್ಟರೂ ದವಡೆಯಲ್ಲಿ ಸುಣ್ಣ ತಂಬಾಕು ಇಟ್ಟುಕೊಳ್ಳುವುದನ್ನು ಬಿಟ್ಟಿರಲಿಲ್ಲ. ಸಹಿ ಮಾಡುವುದಕ್ಕಿಂತ ಹೆಚ್ಚು ಬರೆಯಲು ಬರುತ್ತಿರಲಿಲ್ಲ. ದನಿ ದೊಡ್ಡದಲ್ಲ, ಸಿಹಿಯೂ ಅಲ್ಲ. ಆದರೆ ಅವನು ಹಾಡುವಾಗ ಒಂದೊಂದು ಮಾತೂ ಬೇರೆ ಬೇರೆಯಾಗಿ ಬಂದು ಕೂತವರ ಮುಂದೆ ನಿಲ್ಲುತ್ತಿತ್ತು. ಅವನ ನಂತರ ನಾವು ಎತ್ತಿದರೆ ಬೇಲಿ ಮುರಿದು ದನ ನುಗ್ಗಿದ ಹಾಗಿರುತ್ತಿತ್ತು.

ಎಲ್ಲ ಮೇಳಗಳೂ ಹಾಡುವ ಪದಗಳನ್ನು ನಾವೂ ಹಾಡುತ್ತಿದ್ದೆವು. ನಮ್ಮದೇ ಎಂದು ಇದ್ದದ್ದು ಒಂದೇ, ಹೊಳಿ ಪದ. ನಮ್ಮೂರು ಕೃಷ್ಣೆಯ ಈಚೆ ದಂಡೆಗೆ, ಅಥಣಿ ತಾಲೂಕಿನ ಅಂಚಿನಲ್ಲಿದೆ. ಆಚೆ ಕಾಣುವುದು ರಾಯಬಾಗದ ಸೀಮೆ. ಹೊಳೆ ನಮ್ಮ ಸೀಮೆಗೆ ಬರುವ ತಿರುವಿನಿಂದ ಹಿಡಿದು ನಮ್ಮನ್ನು ಬಿಟ್ಟು ಹೋಗುವ ಹಳ್ಳದ ಬಾಯಿಯವರೆಗೆ ದಂಡೆಯ ಮೇಲೆ ಏನೇನಿತ್ತೋ ಅದೆಲ್ಲ ಈ ಪದದಲ್ಲಿ ಸಾಲಾಗಿ ಬರುತ್ತದೆ. ಮಡುಗಳು, ಬಂಡೆಗಳು, ನಾವೆಯನ್ನು ಕಟ್ಟುತ್ತಿದ್ದ ಜಾಗ, ಕುರಿ ಇಳಿಸುತ್ತಿದ್ದ ಇಳಿಜಾರು, ಬಸದಿಗೆ ಕಲ್ಲು ಒಡೆದ ತಗ್ಗು. ಪ್ರತಿ ಸಾಲಿನ ಮೊದಲರ್ಧದಲ್ಲಿ ಆ ಜಾಗದ ಹೆಸರು, ಅಲ್ಲಿ ಬಾಳಿ ಹೋದವರ ಹೆಸರು. ಅದು ಸಾತಪ್ಪಣ್ಣನ ಪಾಲು. ಉಳಿದರ್ಧ ನಮ್ಮ ಪಾಲು: "ಕಂಬಳಿ ಹಾಸ್ಯಾನ", "ಕಾಲ ತೊಳದಾಳ", "ಕಲ್ಲಾಗಿ ಕುಂತಾನ". ಕಂಬಳಿ ಹಾಸಿದವನು ಯಾರು, ಯಾವ ಬಂಡೆಯ ಮೇಲೆ ಹಾಸಿದ ಎಂದು ನಾವು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮುಮ್ಮೇಳದ ಮಾತು ಹಿಮ್ಮೇಳದವರ ತುಟಿಯ ಮೇಲೂ ಆಡಬಾರದೆಂಬುದು ನಮ್ಮ ಮೇಳದ ಕಟ್ಟಳೆ. ಅವನು ಸಾಲು ಹೇಳುವಾಗ ನಾವು ತಲೆ ಬಗ್ಗಿಸಿ ತಾಳ ಹಿಡಿದು ಉಸಿರು ತುಂಬಿಕೊಳ್ಳುತ್ತಿದ್ದೆವು.

ಚಿಕ್ಕೋಡಿಯಲ್ಲಿ ಒಮ್ಮೆ ಭಜನಾ ಸ್ಪರ್ಧೆಗೆ ಹೋಗಿ ಇದೇ ಪದ ಹಾಡಿದೆವು. ನಮಗಿಂತ ಮೊದಲು ಬಂದ ಮೇಳದವರು ಒಂದೇ ಬಣ್ಣದ ರುಮಾಲು ಸುತ್ತಿ, ಕೀಬೋರ್ಡು ಇಟ್ಟುಕೊಂಡು, ಸಿನಿಮಾ ಧಾಟಿಯಲ್ಲಿ ದೇವರನ್ನು ಕುಣಿಸಿದ್ದರು. ನಮ್ಮ ಪದ ಮುಗಿದಾಗ ಪರೀಕ್ಷಕರಲ್ಲಿ ಒಬ್ಬರು ಕನ್ನಡಕ ಇಳಿಸಿ "ಇದರಲ್ಲಿ ದೇವರು ಎಲ್ಲಿ ಬಂದ?" ಎಂದು ಕೇಳಿದರು. ಸಾತಪ್ಪಣ್ಣ ಯೋಚನೆ ಮಾಡಿ "ಬಂದಿಲ್ಲರಿ. ಹೊಳಿ ಅಷ್ಟ ಬಂದೈತಿ" ಎಂದ. ಸಮಾಧಾನಕರ ಬಹುಮಾನವೂ ಬರಲಿಲ್ಲ. ಬರುವಾಗ ಬಸ್ಸಿನಲ್ಲಿ ಅವನು ಕಿಟಕಿಯ ಹೊರಗೆ ನೋಡುತ್ತ ತಂಬಾಕು ತಿಕ್ಕುತ್ತಿದ್ದ. ಪಾರೀಸ ಕಾಕಾ ಮಾತ್ರ ದಾರಿಯುದ್ದಕ್ಕೂ ಆ ಪರೀಕ್ಷಕರನ್ನು ಮರಾಠಿಯಲ್ಲಿ ಬಯ್ದರು. ಅವರಿಗೆ ಬಯ್ಯಲು ಮರಾಠಿಯೇ ಅನುಕೂಲ.

ಹೊಳಿ ಪದವನ್ನು ಎರಡೇ ಸಂದರ್ಭಕ್ಕೆ ಹಾಡುವುದು ವಾಡಿಕೆ. ಹೊಳೆಗೆ ಹೊಸ ನೀರು ಬಂದಾಗ ಒಮ್ಮೆ. ಊರಲ್ಲಿ ಸಾವಾದಾಗ ಇನ್ನೊಮ್ಮೆ. ಹೂಳುವವರಿರಲಿ, ಸುಡುವವರಿರಲಿ, ಹೆಣವನ್ನು ಪಡಸಾಲೆಯಲ್ಲಿ ಇಟ್ಟ ಮೇಲೆ ಮೇಳ ಬಂದು ಕೂರಬೇಕು. ಪದದ ಕೊನೆಗೆ ಸತ್ತವರಿಗಾಗಿಯೇ ಒಂದು ಸಾಲು ಬೀಳುತ್ತದೆ. ಸಾತಪ್ಪಣ್ಣ ಅಲ್ಲೇ ಕೂತು ಕಟ್ಟುತ್ತಿದ್ದ. ಸತ್ತವರ ಹೆಸರು, ಅವರ ಹೊಲ ಯಾವ ಮಡುವಿನ ಮಗ್ಗುಲಿಗೆ ಎಂಬುದು, ಅವರ ಒಂದು ಗುಣ. ಅದಕ್ಕೆ ನಾವು ಗಂಡಸಾದರೆ "ಹೊಳಿ ದಾಟ್ಯಾನ", ಹೆಂಗಸಾದರೆ "ಹೊಳಿ ದಾಟ್ಯಾಳ" ಎಂದು ಎತ್ತುತ್ತಿದ್ದೆವು. ಈ ಸಾಲು ಬೀಳದೆ ನಮ್ಮೂರಲ್ಲಿ ಹೆಣ ಎತ್ತುವುದಿಲ್ಲ. ಜಗಳಗಂಟಿ ಎಂದು ಊರೇ ದೂರ ಇಟ್ಟಿದ್ದ ಒಬ್ಬ ಮುದುಕಿ ಸತ್ತಾಗ ಸಾತಪ್ಪಣ್ಣ ಅವಳ ಬಾವಿಯ ನೀರು ಎಂಥ ಸವಿ ಇತ್ತು ಎಂದು ಸಾಲು ಕಟ್ಟಿದ. ಅವಳ ಸೊಸೆ ಅಲ್ಲಿಯವರೆಗೆ ಅತ್ತಿರಲಿಲ್ಲ, ಅದನ್ನು ಕೇಳಿ ಅತ್ತಳು.

ಅವನ ದನಿ ಕೆಡತೊಡಗಿದ್ದು ಯಾವಾಗ ಎಂದು ಈಗ ಕೇಳಿದರೆ ನಮ್ಮಲ್ಲಿ ಯಾರೂ ಹೇಳಲಾರರು. ಮೊದಲು ಸಾಲಿನ ಕೊನೆಯಲ್ಲಿ ಗೊರಗೊರ ಎನ್ನುತ್ತಿತ್ತು. ಕಬ್ಬಿನ ರವದಿ ಸುಟ್ಟ ಹೊಗೆ ಎಂದೆವು, ಆಮೇಲೆ ಥಂಡಿ ಎಂದೆವು. ಪಾರೀಸ ಕಾಕಾನ ಮನೆಯಿಂದ ಜ್ಯೇಷ್ಠಮಧು ಬಂತು. ಅವನು ನಡುವೆ ನಿಂತುಬಿಟ್ಟರೆ ಢೋಲಕಿನ ಭೀಮಪ್ಪ ಆ ಸಂದಿನಲ್ಲಿ ಒಂದು ಉರುಳಿಕೆ ತುಂಬುತ್ತಿದ್ದ. ನಾವು ಬಾಲವನ್ನು ಸ್ವಲ್ಪ ಮೊದಲೇ ಎತ್ತುತ್ತಿದ್ದೆವು, ಸ್ವಲ್ಪ ಜೋರಾಗಿ. ಹಾಗೆ ಮಾಡೋಣ ಎಂದು ಯಾರೂ ಯಾರಿಗೂ ಹೇಳಲಿಲ್ಲ, ತಾನಾಗಿಯೇ ಆಯಿತು. ಇಷ್ಟು ವರ್ಷ ನಮ್ಮನ್ನು ನಡೆಸಿದವನ ದನಿ ಸಭೆಯಲ್ಲಿ ಒಡೆದು ಕೇಳಬಾರದಲ್ಲ? ಬರಬರುತ್ತ ನಮ್ಮ ಅಬ್ಬರ ಏರಿತು. "ಏನ್ ಮ್ಯಾಳರಿ ನಿಮ್ಮದು, ಮನಿ ಮಾಳಗಿ ಹಾರಿ ಹೋಗೂ ಹಂಗ ಹಾಡ್ತೀರಿ" ಎಂದು ಪಕ್ಕದೂರಿನವರು ಹೊಗಳಿದರು. ನಮಗೂ ಹೆಮ್ಮೆಯಾಯಿತು. ನನಗಂತೂ ಬಹಳ ಆಯಿತು, ಯಾಕೆಂದರೆ ದೊಡ್ಡ ದನಿಗೆ ಕೊನೆಗೂ ಒಂದು ಬೆಲೆ ಬಂದಿತ್ತು.

ಅವನು ಅನ್ನ ನುಂಗಲಾರದೆ ಹೋದಾಗ ಅವನ ಹೆಂಡತಿ ಶೇವಂತಾ ವೈನಿ ಪಾರೀಸ ಕಾಕಾನ ಮನೆಗೆ ಓಡಿ ಬಂದಳು. ಕಾಕಾನ ಜೀಪಿನಲ್ಲಿ ಮಿರಜಿನ ಆಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ಸಾತಪ್ಪಣ್ಣ ನನ್ನ ತೋಳು ಹಿಡಿದು ಹತ್ತಿರ ಎಳೆದ. ದನಿ ಇರಲಿಲ್ಲ, ಬರೀ ಗಾಳಿ.

"ಹೊಳಿ ಪದಾ ಕಲ್ಕೋ. ಹೇಳ್ತೀನಿ, ಕೇಳು. ಊರಾಗಿನವ್ರನ್ನೆಲ್ಲಾ ನಾ ದಾಟಸೀನಿ. ನನ್ನ ದಾಟಸೂ ಹೊತ್ತಿಗೆ ಪದಾ ಪೂರಾ ಆಗಬೇಕು."

ಮುಂದಿನ ಸೀಟಿನಲ್ಲಿದ್ದ ಪಾರೀಸ ಕಾಕಾ ಹಿಂದೆ ತಿರುಗಿ ಗದರಿಸಿದರು. "ಏ ಸಾತಪ್ಪಾ, ಅಂಥಾ ಮಾತ ಆಡಬ್ಯಾಡ. ಗಂಟಲಿಗೆ ತ್ರಾಸ ಆಕ್ಕೈತಿ, ಸುಮ್ನ ಕುಂದ್ರು. ಆರಾಮ ಆಗಿ ಬಂದು ನೀನ ಹಾಡಾಂವ ಅದೀ."

ನಾನೂ "ಹಾಡಾಂವ ಅದೀ" ಎಂದೆ. ಅವನು ಮತ್ತೆ ಬಾಯಿ ತೆರೆದಾಗ ವೈನಿ ತನ್ನ ಸೆರಗಿನಿಂದ ಅವನ ಬಾಯಿ ಒರೆಸಿ, ಹಾಗೇ ಕೈಯಿಟ್ಟು ಮುಚ್ಚಿದಳು. ಅವನಿಗೆ ನೋವಾಗಬಾರದೆಂದು ಮಾಡಿದಳು. ಅವನು ನನ್ನ ತೋಳು ಬಿಟ್ಟ.

ಡಾಕ್ಟರು ಗಂಟಲಿನೊಳಗೆ ಬೆಳಕು ಬಿಟ್ಟು ನೋಡಿ "ಇತಕೇ ದಿವಸ ಕಾಯ ಕರತ ಹೋತಾತ?" ಎಂದು ನಮ್ಮನ್ನು ಕೇಳಿದರು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು. ಹಾಡುತ್ತಿದ್ದೆವು ಎಂದು ಯಾರು ಹೇಳಬೇಕು?

ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕೊರಳಲ್ಲಿ ಒಂದು ತೂತು, ಅದರ ಮೇಲೆ ಒಂದು ಅರಿವೆ ತುಂಡು ಕಟ್ಟಿಕೊಂಡು ಸಾತಪ್ಪಣ್ಣ ಮನೆಗೆ ಬಂದ. ಉಸಿರು ಆ ತೂತಿನಲ್ಲೇ ಹೋಗಿ ಬರುತ್ತಿತ್ತು. ರೋಗ ಪೂರ್ತಿ ಹೋಗಿಲ್ಲವೆಂದೂ ಹೆಚ್ಚು ಆಸೆ ಇಟ್ಟುಕೊಳ್ಳಬಾರದೆಂದೂ ಡಾಕ್ಟರು ಕಾಕಾನ ಹತ್ತಿರ ಹೇಳಿ ಕಳಿಸಿದ್ದರು. ಅದು ಅವನಿಗೂ ಗೊತ್ತಿತ್ತು. ನಾವು ನೋಡಲು ಹೋದ ಮೊದಲ ಸಂಜೆಯೇ ಅವನು ತಾಳ ತರಿಸಿ ಹೊರಸಿನ ಮೇಲೆ ಇಟ್ಟುಕೊಂಡ, ನಮ್ಮೆಲ್ಲರ ಕಡೆಗೂ ಬೆರಳು ಮಾಡಿದ, ಆಮೇಲೆ ಹೊಳೆಯ ದಿಕ್ಕಿಗೆ ತೋರಿಸಿದ. ಪದ ಕಲಿಯಿರಿ ಎಂದು.

ಕಲಿಸಬೇಕಾದವನಿಗೆ ಬಾಯಿಲ್ಲ, ಕಲಿಯಬೇಕಾದವರಿಗೆ ಅರ್ಧ ಮಾತ್ರ ಗೊತ್ತು. ನಾವು "ಕಂಬಳಿ ಹಾಸ್ಯಾನ" ಎನ್ನುತ್ತಿದ್ದೆವು, ಅದರ ಹಿಂದಿನದನ್ನು ಊಹಿಸುತ್ತಿದ್ದೆವು, ಅವನು ಹೌದು ಅಥವಾ ಅಲ್ಲ ಎಂದು ತಲೆ ಆಡಿಸುತ್ತಿದ್ದ. ಬರೀ ಅಲ್ಲ ಎಂದೇ ಆಡಿಸುತ್ತಿದ್ದ. ಮೊದಲ ದಿನ ನಗೆಯೂ ಬಂತು. ಭೀಮಪ್ಪ ತನ್ನ ಮುತ್ತ್ಯಾನ ಹೆಸರನ್ನು ಪ್ರತಿ ಸಾಲಿಗೂ ತುರುಕಲು ನೋಡಿದ, ಸಾತಪ್ಪಣ್ಣ ಭುಜ ಕುಣಿಸಿ ನಕ್ಕ. ಕೊರಳ ಅರಿವೆ ಒದ್ದೆಯಾಯಿತು, ನಾವು ನಗು ನಿಲ್ಲಿಸಿದೆವು.

ಊರ ಹಿರಿಯರನ್ನು ಕೇಳಿ ನೋಡಿದೆವು, ಅವರ ನೆನಪಿನಲ್ಲೂ ಉಳಿದದ್ದು ನಾವು ಎತ್ತುತ್ತಿದ್ದ ಬಾಲವೇ. ಕಾಕಾ ವೈನಿಯನ್ನು ಕರೆದು ಕೇಳಿದರು. "ಇಷ್ಟು ವರ್ಷ ಮನ್ಯಾಗ ಕೇಳೀಯಲ್ಲಬೇ, ನಿನಗ ಬರ್ತಿರಬೇಕ."

"ನೀವೆಲ್ಲಾ ಭಜನಿಗೆ ಕುಂತಾಗ ನಾ ಒಳಗ ಚಾ ಮಾಡ್ತಿದ್ದೆರಿ" ಎಂದಳು ವೈನಿ. "ಸ್ಟೋವಿನ ಸಪ್ಪಳದಾಗ ನಿಮ್ಮ ದನಿಯಷ್ಟ ಕೇಳ್ತಿತ್ತು. ಅವರದು ಕೇಳ್ತಿದ್ದಿಲ್ಲ."

ಆಗ ಭೀಮಪ್ಪನಿಗೆ ತನ್ನ ಮೊಬೈಲು ನೆನಪಾಯಿತು. ಒಂದು ಸಾವಿನ ಮನೆಯಲ್ಲಿ ಯಾರೋ ಹೊಳಿ ಪದವನ್ನು ಪೂರ್ತಿ ವಿಡಿಯೋ ಮಾಡಿ ಅವನಿಗೆ ಕಳಿಸಿದ್ದರು. ನಮಗೆ ಹೋದ ಜೀವ ಬಂದಂತಾಯಿತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅವನಿಗೆ ಬಯ್ದು, ಹೊರಸಿನ ಸುತ್ತ ಮುಕುರಿಕೊಂಡು ಕೂತೆವು. ಮೊದಲು ಢೋಲಕ್ ಬಂತು. ಪೇಟಿ ಬಂತು. ಆಮೇಲೆ ನಾವು ಬಂದೆವು. ನಾನೇ ಬಂದೆ, "ಕಲ್ಲಾಗಿ ಕುಂತಾನ" ಎಂದು ಬಸ್ ಸ್ಟ್ಯಾಂಡಿನಲ್ಲಿ ಕೂಗಿದಂತೆ. ನಮ್ಮ ನಡುವೆ ಸಾತಪ್ಪಣ್ಣನ ತುಟಿ ಆಡುತ್ತಿತ್ತು. ಮಾತು ಒಂದೂ ಕೇಳುತ್ತಿರಲಿಲ್ಲ. ಅವನು ಬಾಯಿ ತೆರೆದರೆ ಭೀಮಪ್ಪನ ಉರುಳಿಕೆ, ಅದು ಮುಗಿಯುವುದರೊಳಗೆ ನಮ್ಮ ಅಬ್ಬರ. ಮತ್ತೆ ಹಚ್ಚಿದೆವು, ಸದ್ದು ಏರಿಸಿದೆವು. ಏರಿದ್ದು ನಮ್ಮದೇ ಸದ್ದು. ಹೊರಸಿನ ಮೇಲಿದ್ದ ಸಾತಪ್ಪಣ್ಣ ಪರದೆಯಲ್ಲಿದ್ದ ತನ್ನ ತುಟಿಗಳನ್ನು ನೋಡುತ್ತ ಅವುಗಳ ಜೊತೆ ತುಟಿ ಆಡಿಸತೊಡಗಿದ. ಕೊರಳಿನ ತೂತಿನಿಂದ ಗಾಳಿ ಮಾತ್ರ ಬರುತ್ತಿತ್ತು. ಪದ ಮುಗಿದ ಮೇಲೆ ಅವನು ನಮ್ಮನ್ನು ನೋಡಿದ. ಸಿಟ್ಟಿರಲಿಲ್ಲ, ಆಶ್ಚರ್ಯ ಇತ್ತು. ಆ ಆಶ್ಚರ್ಯವನ್ನು ನಾನು ತಡೆದುಕೊಳ್ಳಲಾರದೆ ಹೋದೆ.

"ನಾವ ನುಂಗೀವಲ್ಲೋ ಇವನ್ನ" ಎಂದರು ಪಾರೀಸ ಕಾಕಾ.

ಮರುದಿನ ಅವನೇ ನನ್ನ ಮನೆಗೆ ಬಂದು ಕೈ ಹಿಡಿದು ಹೊಳೆಗೆ ಕರೆದುಕೊಂಡು ಹೋದ. ಜಾಗಗಳನ್ನು ತೋರಿಸಿದರೆ ಹೆಸರು ನನಗೆ ಹೊಳೆಯಬಹುದೆಂದು ಅವನ ಲೆಕ್ಕ. ಆದರೆ ಕೆಳಗೆ ಬ್ಯಾರೇಜು ಕಟ್ಟಿದ ಮೇಲೆ ನೀರು ದಂಡೆಯ ತುಂಬ ನಿಂತಿತ್ತು. ಮಹಾಪೂರಗಳು ಬಂದು ದಂಡೆಯನ್ನು ಕೊಚ್ಚಿದ್ದವು, ಉಸುಕಿನವರು ಉಳಿದದ್ದನ್ನು ಬಗೆದಿದ್ದರು. ನೀರಿನ ಅಂಚಿನವರೆಗೂ ಕಬ್ಬು. ನಮಗೆ ಈಗ ಹೊಳೆಯ ಮೇಲಿನ ಜಾಗ ಎಂದರೆ ಇವರ ಮೋಟಾರು, ಅವರ ಮೋಟಾರು, ಅಷ್ಟೇ. ಅವನು ಬೆರಳು ಮಾಡಿದಲ್ಲೆಲ್ಲ ನೀರಿತ್ತು.

"ಮಡು ಏನಣ್ಣಾ?" ಎಂದೆ. ಅಲ್ಲ. "ನಾವಿ ಕಟ್ಟೂ ಜಾಗಾ?" ಅಲ್ಲ. "ಬಂಡಿಗಲ್ಲಾ?" ಹೌದೆಂದು ಜೋರಾಗಿ ತಲೆ ಆಡಿಸಿದ. "ಯಾವ ಬಂಡಿಗಲ್ಲ?" ಅವನು ಕೆಸರಿನಲ್ಲಿ ಕೂತು ಕೋಲಿನಿಂದ ಏನೋ ಗೀರಿದ. ಕೊಂಬಿನ ಹಾಗಿತ್ತು, ಇಲ್ಲವೇ ಕುಡುಗೋಲಿನ ಹಾಗಿತ್ತು. ಎಮ್ಮೆಯೇ ಎಂದೆ, ಹೋರಿಯೇ ಎಂದೆ, ಚಂದ್ರನೇ ಎಂದೆ. ನನ್ನ ಬೆನ್ನಿಗೆ ಒಂದು ಗುದ್ದು ಬಿತ್ತು. ಆಮೇಲೆ ಗುದ್ದಿದ ಕಡೆಯೇ ಅವನು ಕೈಯಾಡಿಸಿದ, ಪಂಪಿನ ಪೈಪಿನ ಮೇಲೆ ಕೂತು ನೀರು ನೋಡತೊಡಗಿದ. ಆ ದಂಡೆಯ ಮೇಲೆ ಹುಟ್ಟಿ, ಆ ಪದವನ್ನು ನೂರಾರು ಸಲ ಹಾಡಿದ ನನಗೆ ಒಂದು ಕಲ್ಲಿನ ಹೆಸರು ಗೊತ್ತಿರಲಿಲ್ಲ. ಅವತ್ತು ನನ್ನ ಮೇಲೆ ನನಗೆ ಹೇಸಿಗೆ ಬಂತು.

ಅದರ ನಂತರ ಅವನು ಹೊರಸು ಬಿಟ್ಟು ಏಳಲಿಲ್ಲ. ನಾವು ಹೋಗಿ ಕೂರುತ್ತಿದ್ದೆವು, ಪದದ ಮಾತು ಎತ್ತುತ್ತಿರಲಿಲ್ಲ. ಕಬ್ಬು ಕಡಿಯುವ ದಿನಗಳಲ್ಲಿ ಒಂದು ಮುಂಜಾನೆ ಅವನು ತೀರಿಕೊಂಡ.

ಪಡಸಾಲೆಯ ಗೋಡೆಗೆ ಆನಿಸಿ, ವಿಭೂತಿ ಹಚ್ಚಿ ಅವನನ್ನು ಕೂರಿಸಿದ್ದರು. ಕೊರಳಿನ ತೂತನ್ನು ಹೂಮಾಲೆಯಿಂದ ಮುಚ್ಚಿದ್ದರು. ನಾವು ಹೋಗಿ ಎದುರಿಗೆ ಕೂತೆವು. ಅವನು ಕೂರುತ್ತಿದ್ದ ಜಾಗವನ್ನು ಯಾರೂ ಹೇಳದೆಯೇ ಖಾಲಿ ಬಿಟ್ಟಿದ್ದೆವು. ಬೇರೆ ಪದಗಳನ್ನೆಲ್ಲ ಹಾಡಿ ಮುಗಿಸಿದೆವು. ಬಿಸಿಲೇರಿತು. ಕೊನೆಗೆ ಪಾರೀಸ ಕಾಕಾ ಪೇಟಿಯ ಮೇಲೆ ಹೊಳಿ ಪದದ ಸ್ವರ ಹಿಡಿದರು.

ತಾಳ ನಡೆಯಿತು. ಅವನ ಸಾಲು ಬರಬೇಕಾದ ಕಡೆ ತಾಳ ಮಾತ್ರ ನಡೆಯಿತು, ಪೇಟಿಯ ಒಂದೇ ಸ್ವರ ಒರಲುತ್ತಿತ್ತು. ಅಷ್ಟು ಹೊತ್ತು ಸುಮ್ಮನಿದ್ದು ನಾವು ನಮ್ಮ ಅರ್ಧ ಎತ್ತಿದೆವು. "ಕಂಬಳಿ ಹಾಸ್ಯಾನ." ಮತ್ತೆ ಖಾಲಿ. "ಕಾಲ ತೊಳದಾಳ." ಮತ್ತೆ ಖಾಲಿ. ಯಾರು, ಎಲ್ಲಿ ಎಂಬುದಿಲ್ಲದೆ ಯಾರೋ ಕಂಬಳಿ ಹಾಸಿದರು, ಯಾರೋ ಕಾಲು ತೊಳೆದರು, ಯಾರೋ ಕಲ್ಲಾದರು. ಅಂಗಳದಲ್ಲಿದ್ದ ಹಿರಿಯರು ತಲೆ ಕೆಳಗೆ ಹಾಕಿದರು. ಹೀಗೆಯೇ ಹೊಳೆಯ ಉದ್ದಕ್ಕೂ ಬಂದು ಸತ್ತವನ ಸಾಲಿಗೆ ಮುಟ್ಟಿದೆವು.

ಅಲ್ಲಿ ಸುಮ್ಮನಿದ್ದು ದಾಟುವಂತಿರಲಿಲ್ಲ. ಹೆಸರು ಬೀಳಲೇಬೇಕು. ಪಾರೀಸ ಕಾಕಾ ಬಾಯಿ ತೆರೆದರು, ಮತ್ತೆ ಪೇಟಿಯ ಕಡೆಗೇ ಬಗ್ಗಿದರು. ಭೀಮಪ್ಪ ನನ್ನ ಕಡೆ ನೋಡಿದ. ನನ್ನ ಎದೆಯಲ್ಲಿ ಉಸಿರು ತುಂಬಿತ್ತು, ಬಾಯಲ್ಲಿ ಏನೂ ಇರಲಿಲ್ಲ. ತಾಳ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಹೆಣ ಎತ್ತುವವರು ಎದ್ದು ನಿಂತು ಮತ್ತೆ ಕೂತರು.

ಹೆಂಗಸರ ನಡುವಿನಿಂದ ಶೇವಂತಾ ವೈನಿ ಎದ್ದು ಬಂದಳು. ಗಂಡನ ಹೆಸರನ್ನು ಬಾಯಿ ಬಿಟ್ಟು ಆಡದ ಹೆಂಗಸು, ಅವನನ್ನು ಕರೆಯಬೇಕಾದರೆ "ಕೇಳ್ರಿಲ್ಲೆ" ಎಂದು ಕರೆದೇ ಮುದುಕಿಯಾದವಳು. ನಾವು ಖಾಲಿ ಬಿಟ್ಟ ಜಾಗಕ್ಕೆ ಬಂದು ಕೂತಳು.

"ಸಾತಪ್ಪ" ಎಂದಳು.

ಹಾಡಲಿಲ್ಲ, ಅಂದಳು ಅಷ್ಟೆ. ಸಾಲು ತುಂಬಲು ಇನ್ನೂ ಮಾತು ಬೇಕಿತ್ತು, ಹೊಲ ಯಾವುದು, ಮಡು ಯಾವುದು ಎಂದು. ಅದು ಅವಳಿಗೆ ಬರುತ್ತಿರಲಿಲ್ಲ. ಮತ್ತೆ "ಸಾತಪ್ಪ" ಎಂದಳು. ಸಾಲಿನ ಅಳತೆ ತುಂಬುವವರೆಗೂ ಅದನ್ನೇ ಅಂದಳು. ಕೊನೆಯ ಸಲ ಅಂದಾಗ ದನಿ ಒಡೆಯಿತು. ಭೀಮಪ್ಪನ ಕೈ ರೂಢಿಯಂತೆ ಢೋಲಕಿನ ಮೇಲೆ ಎದ್ದಿತು, ಪಾರೀಸ ಕಾಕಾ ಅವನ ಮಣಿಕಟ್ಟು ಹಿಡಿದರು. ಅವಳ ದನಿ ಪೂರ್ತಿ ನಿಲ್ಲುವವರೆಗೆ ನಾವು ಕಾದೆವು. ಆಮೇಲೆ "ಹೊಳಿ ದಾಟ್ಯಾನ" ಎಂದೆವು. ಅಷ್ಟು ಸಣ್ಣ ದನಿಯಲ್ಲಿ ನಾವು ಎಂದೂ ಹಾಡಿರಲಿಲ್ಲ. ಹೆಣ ಎತ್ತಿದರು.